ಮೇಷ್ಟ್ರ ಮನೇಲಿ ಜ್ವರ

ಮೊನ್ನೆ ಭಾನುವಾರ ನಾನೊಂದು ಘನಂದಾರಿ ಕೆಲ್ಸ ಮಾಡ್ದೆ. ಮೂರು ಸಾವಿರ ವರ್ಷದ ಹಳೇ ಮಡಕೆ ಚೂರಲ್ಲಿ ಹಿಮ್ಮಡಿ ಉಜ್ಕೊಂಡೆ. ಬೇಕೂಂತ ಮಾಡ್ನಿಲ್ಲ. ಅವ್ವ ಟ್ರಂಕು ಜಾಡಿಸ್ತಾ ಇದ್ದಾಗ ಹಳೇ ಪಂಚೇಲಿ ಸುತ್ತಿಟ್ಟಿದ್ದ ಚೂರು ಸಿಕ್ಕೈತೆ. ಇದ್ಯಾವುದೋ ಕಾಲುಜ್ಜೋ ಬಿಲ್ಲೆ ಇರ್ಬೇಕು ಅಂತ ತಗೊಂಡೋಗಿ ಬಚ್ಚಲಲ್ಲಿ ಮಡಗವ್ಳೆ. ನಾನು ಮುಖಕ್ಕೆಲ್ಲ ಸೋಪು ಹಚ್ಕೊಂಡು, ಕಣ್ಣು ಮುಚ್ಕೊಂಡು, ಕೈಗೆ ಸಿಕ್ಕಿದ್ದ ತಗೊಂಡು ಎಲ್ಡೂ ಹಿಮ್ಮಡಿನ ಗಸಗಸ ತಿಕ್ದೆ. ಬಾಳ ಚೆನ್ನಾಗಿ ಉಜ್ತು, ಅದನ್ನ ಹೇಳ್ಲೇಬೇಕು. ಯಾವ ಮಹಾರಾಜನ ಹಿಮ್ಮಡಿಗೂ ಇಷ್ಟು ಹಳೇ ಸಾಮಾನು ಸಿಕ್ಕಿರಲ್ಲ.

ಬಿಸಿನೀರು ಬಿದ್ದಿದ್ದೇ ತಡ, ಆ ಚೂರಿಂದ ಒಂದು ವಾಸ್ನೆ ಎದ್ತು. ಮೊದಲ ಮಳೆ ಬಿದ್ದ ಹೊಲದ ವಾಸ್ನೆ, ಅದರೊಳಗೆ ಒಸಿ ಹೊಗೆ, ಒಸಿ ಬೂದಿ… ಕಣ್ಣು ಬುಟ್ಟು ನೋಡಿದ್ರೆ ಒಳಗೆ ಕಪ್ಪು, ಹೊರಗೆ ಕೆಂಪು. ಸೋಪಿನ ನೊರೆ ಕಣ್ಣಿಗೆ ಹೋಗಿ ಉರೀತಿತ್ತು, ಒಳ್ಳೇದೇ ಆಯ್ತು, ಅಳಕ್ಕೊಂದು ನೆಪ ಸಿಕ್ತು. ಆಚೆಯಿಂದ ಅವ್ವ, ‘ಏನ್ಲಾ, ಬಚ್ಚಲಲ್ಲೇ ಸಂಸಾರ ಹೂಡ್ಬುಟ್ಯಾ?’ ಅಂತ ಕೂಗ್ತಾ ಇದ್ಲು.

ಚೂರು ಉಜ್ಜಿದ್ದು ನನ್ ತಪ್ಪುಗಳ ಪೈಕಿ ಸಣ್ಣದು. ದೊಡ್ಡದು ಮಾಡಿ ಏಳು ವರ್ಷ ಆಯ್ತು. ಆವತ್ತು ನಾನು ಒಂದೇ ಒಂದು ಮಾತ್ನ ತಪ್ಪಾಗಿ ತಿಳ್ಕೊಂಡೆ. ಅದ್ರಿಂದ ನಮ್ ಮೇಷ್ಟ್ರ ಕಳ್ಕೊಂಡೆ. ತಮಾಸೆ ಮಾಡೋದೊಂದು ಬುಟ್ರೆ ನಂಗೆ ಬೇರೆ ಏನೂ ಬರಲ್ಲ, ಅದಕ್ಕೆ ಇದನ್ನೂ ತಮಾಸೆಲೇ ಶುರು ಮಾಡಿವ್ನಿ. ಕೊನೇಗಂಟ ಹಂಗೇ ಇರ್ತೀನಿ ಅಂತ ಮಾತ್ರ ಹೇಳಕ್ಕಾಗಲ್ಲ.

ಮೇಷ್ಟ್ರು ಕುದೂರಿನ ಹೈಸ್ಕೂಲಲ್ಲಿ ನಮ್ಗೆ ಸಮಾಜ ಪಾಠ ಮಾಡೋರು. ಚಿತ್ರದುರ್ಗದ ಕಡೆಯೋರು. ನಲವತ್ತೈದು ವರ್ಷ ಇರಬೋದು, ಮದುವೆ ಆಗಿರ್ನಿಲ್ಲ. ಸಣಕಲು ಮನುಷ್ಯ, ಬಿಸ್ಲಿರಲಿ ಮೋಡ ಇರಲಿ ಕಂಕುಳಲ್ಲಿ ಒಂದು ಕೊಡೆ ಇರೋದು, ಬಿಚ್ಚಿದ್ದ ಮಾತ್ರ ನಾನು ಕಂಡಿಲ್ಲ. ಅವ್ರ ಪರೀಕ್ಷೇಲಿ ‘ಈಜಿಪ್ಟಿನವರು ಪಿರಮಿಡ್ಡುಗಳನ್ನು ಏಕೆ ಕಟ್ಟಿದರು?’ ಅಂತ ಒಂದು ಪ್ರಶ್ನೆ ಬಂದಿತ್ತು. ನಾನು ‘ಜಾಗ ಇತ್ತು, ಕಲ್ಲು ಇತ್ತು, ಬೇರೆ ಕೆಲಸ ಇರಲಿಲ್ಲ’ ಅಂತ ಬರ್ದೆ. ಕ್ಲಾಸಿಗೆ ಕ್ಲಾಸೇ ನಕ್ತು. ಮೇಷ್ಟ್ರು ಅರ್ಧ ಮಾರ್ಕು ಕೊಟ್ಟು, ಪಕ್ಕದಲ್ಲಿ ಕೆಂಪಿಂಕಲ್ಲಿ ‘ಯಾರಾದರೂ ಸತ್ತಿದ್ದರೇ?’ ಅಂತ ಬರ್ದಿದ್ರು. ನಂಗೆ ಅದು ಅರ್ಥನೇ ಆಗ್ನಿಲ್ಲ. ಅರ್ಧ ಮಾರ್ಕು ಬಂತಲ್ಲ ಅಂತ ಬೀಗ್ದೆ.

ಆಮೇಲೆ ನಾನು ಪಿಯುಸಿಲಿ ಮೂರು ಸಲ ಡುಮ್ಕಿ ಹೊಡ್ದು ಊರಿಗೆ ವಾಪಸ್ ಬಂದೆ. ನಮ್ಮೂರು ಮಾಗಡಿಗೂ ಕುದೂರಿಗೂ ನಡುವೆ. ಆವಾಗ ನಮ್ ಕಡೆ ರೇಷ್ಮೆ ಅಂದ್ರೆ ರೇಷ್ಮೆ. ರಾಗಿ ಬೆಳೀತಿದ್ದೋರೆಲ್ಲ ಹಿಪ್ಪುನೇರಳೆ ಕಡ್ಡಿ ನೆಟ್ಟವ್ರೆ. ಕುರಿ ಕಾಯ್ತಿದ್ದೋರು ಹುಳ ಮೇಯಿಸ್ತಾವ್ರೆ. ಮನೇಲಿ ಹುಳಕ್ಕೆ ಜಾಗ ಆದ್ಮೇಲೆ ಮಿಕ್ಕ ಜಾಗ ಮನುಷ್ಯರಿಗೆ. ನನ್ನ ಹಾಸಿಗೆ ಕೊಟ್ಟಿಗೆಗೆ ಹೋಯ್ತು. ಎಮ್ಮೆ ಜೊತೆ ಆರು ತಿಂಗ್ಳು ಮಲಗಿವ್ನಿ. ಅದು ಗೊರಕೆ ಹೊಡೀತದೆ ಅಂತ ನಾನು ಹೇಳ್ದೆ. ಗೊರಕೆ ಹೊಡೆಯೋದು ನೀನು, ಎಮ್ಮೆ ಹಾಲು ಕಮ್ಮಿ ಮಾಡೈತೆ ಅಂತ ಅವ್ವ ಹೇಳಿದ್ಲು.

ನಮ್ ಬೆದ್ಲು ಹೊಲದ ಕೊನೇಲಿ, ಗುಡ್ಡದ ಬುಡದಲ್ಲಿ, ದುಂಡಗೆ ಜೋಡ್ಸಿರೋ ಗುಂಡುಕಲ್ಲುಗಳಿದ್ವು. ಮೋರ್ಯರ ಗುಡ್ಡೆ ಅನ್ನೋರು ಎಲ್ಲಾರೂ. ಮೋರ್ಯರು ಅಂದ್ರೆ ಗೇಣುದ್ದ ಜನ. ಬೆಂಕಿ ಮಳೆ ಬೀಳ್ತದೆ ಅಂತ ಯಾರೋ ಹೇಳಿದ್ರಂತೆ, ಹೆದರ್ಕೊಂಡು ಕಲ್ಲಿನ ಮನೆ ಕಟ್ಕೊಂಡು ಒಳಗೋದ್ರಂತೆ, ಆಚೆಗೆ ಬರಲೇ ಇಲ್ವಂತೆ. ನಮ್ಮಜ್ಜಿ ಹೇಳ್ತಿದ್ದ ಕತೆ. ಮೊದ್ಲು ಅಂಥಾವು ಐದು ಸುತ್ತು ಇದ್ವು. ಅಪ್ಪ ನಾಲ್ಕು ಸುತ್ತಿನ ಕಲ್ಲ ಕಿತ್ತು ಹುಳದ ಮನೆ ಪಾಯಕ್ಕೆ ಹಾಕಿದ್ದ. ಅಲ್ಲೆಲ್ಲ ಹಿಪ್ಪುನೇರಳೆ ಎದ್ದಿತ್ತು. ಒಂದೇ ಒಂದು ಉಳ್ದಿತ್ತು.

ಒಂದಿನ ಮಾಗಡಿ ಬಸ್ಸಲ್ಲಿ ಮೇಷ್ಟ್ರು ಸಿಕ್ಕಿ, ‘ಏನ್ ಮಾಡ್ತಿದ್ದೀಯಪ್ಪಾ?’ ಅಂದ್ರು. ಮೋರ್ಯರ ಗುಡ್ಡೆ ಮೇಲೆ ಹುಳ ಸಾಕ್ತಾ ಇವ್ನಿ ಸಾ, ಅಂದೆ. ತಮಾಸೆಗೆ ಅಂದಿದ್ದು. ಮೇಷ್ಟ್ರ ಮುಖ ನೋಡ್ಬೇಕಿತ್ತು ನೀವು. ಮಾಗಡಿಗೆ ಟಿಕೆಟ್ ತಗೊಂಡಿದ್ದ ಮನುಷ್ಯ ನನ್ ಜೊತೇಲೇ ನಮ್ಮೂರ ಗೇಟಲ್ಲಿ ಇಳ್ದುಬುಟ್ರು.

ಮೊದ್ಲು ಹುಳದ ಮನೆ ತಾವ ಹೋದ್ರು. ಪಾಯದ ಕಲ್ಲ ಕೈಯಲ್ಲಿ ಸವರಿದ್ರು. ಬಾಗಿಲ ಮೇಲೆ ದೃಷ್ಟಿಗೆ ಅಂತ ಅವ್ವ ಕಟ್ಟಿದ್ದ ಹಳೇ ಚಪ್ಪಲಿ, ಬೂದುಗುಂಬಳಕಾಯಿ ಎಲ್ಲಾ ನೋಡಿದ್ರು. ಆಮೇಲೆ ಹೊಲಕ್ಕೆ ಹೋಗಿ ಆ ಉಳ್ದಿದ್ದ ಸುತ್ತಿನ ಮಧ್ಯ ನಿಂತ್ಕೊಂಡು ಹೇಳಿದ್ರು. ಇದು ಮನೆಯಲ್ಲ, ಸಮಾಧಿ. ಕಬ್ಬಿಣ ಕಾಯ್ಸೋದ ಆಗತಾನೆ ಕಲ್ತಿದ್ದ ಜನದ್ದು. ಮೂರು ಸಾವಿರ ವರ್ಷ ಆಗಿರಬೋದು. ಸತ್ತೋರ ಜೊತೇಲಿ ಗಡಿಗೆ, ಕಾಳು, ಕುಡುಗೋಲು ಎಲ್ಲಾ ಇಡೋರು, ಅಲ್ಲಿ ಹೋಗಿ ಬಾಳಬೇಕಲ್ಲ ಅಂತ.

‘ಈ ಕಲ್ಲು ಆ ಗುಡ್ಡದಿಂದ ಇಲ್ಲಿಗೆ ಬರಬೇಕಾದ್ರೆ ಎಷ್ಟು ಜನ ಬೇಕು ಹೇಳು? ನಲವತ್ತು ಜನನಾದ್ರೂ ಬೇಕು. ನಲವತ್ತು ಜನ ಕೆಲಸ ಬಿಟ್ಟು ಎಳೆದಿದ್ದಾರೆ ಅಂದ್ರೆ, ಒಳಗಿರೋರು ಯಾರೋ ಅವರಿಗೆ ತುಂಬಾ ಬೇಕಾದೋರು.’

‘ನಮ್ಮೂರಲ್ಲಿ ನಲವತ್ತು ಜನ ಸೇರ್ಬೇಕು ಅಂದ್ರೆ ಬಾಡೂಟ ಇರ್ಬೇಕು ಸಾ.’

‘ಅದೂ ಇತ್ತು ಕಣೋ. ಇಂಥ ಕಡೆ ಮೂಳೆ ಸಿಗ್ತವೆ. ಉಂಡಿದ್ದಾರೆ, ಸತ್ತೋರಿಗೂ ಬಡಿಸಿದ್ದಾರೆ.’

ಅದ್ರಲ್ಲೇನ್ ಐತೆ ಸಾ, ನಾವೂ ಪಕ್ಷದ ಹಬ್ಬಕ್ಕೆ ನಮ್ ತಾತಂಗೆ ಬಾಡು, ಮೊಟ್ಟೆ, ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರು ಎಡೆ ಮಡಗ್ತೀವಿ, ಬಾಗ್ಲು ಮುಚ್ಕೊಂಡು ಆಚೆ ನಿಂತಿರ್ತೀವಿ, ಆಮೇಲೆ ನೋಡಿದ್ರೆ ಕ್ವಾರ್ಟರಲ್ಲಿ ಒಸಿ ಕಮ್ಮಿ ಆಗಿರ್ತದೆ ಅಂದೆ. ಕಮ್ಮಿ ಮಾಡ್ತಿದ್ದೋನು ನಾನೇ ಅಂತನೂ ಒಪ್ಕೊಂಡೆ. ಮೇಷ್ಟ್ರು ಹೊಟ್ಟೆ ಹಿಡ್ಕೊಂಡು ನಕ್ರು. ಆಮೇಲೆ ಕನ್ನಡಕ ಒರೆಸ್ಕೊಂಡು, ‘ನೋಡು, ಮೂರು ಸಾವಿರ ವರ್ಷ ಆದ್ರೂ ನಮಗಿನ್ನೂ ನಂಬಕ್ಕಾಗಿಲ್ಲ, ಹೋದೋರು ಹೋದ್ರು ಅಂತ’ ಅಂದ್ರು. ಆ ಮಾತ ಅವ್ರು ಹೇಳಿದ್ದು ಪಾಠ ಹೇಳೋ ಥರ ಇರ್ನಿಲ್ಲ…

ಆವತ್ತಿಂದ ಅವ್ರಿಗೊಂದೇ ಆಸೆ. ಆ ಸುತ್ತನ್ನ ತಿಳ್ದೋರ ಕೈಲಿ ಸರಿಯಾಗಿ ತೆಗೆಸ್ಬೇಕು, ತೆಗೆಯೋವಾಗ ತಾನು ಪಕ್ಕದಲ್ಲಿ ಕೂತು ಕಣ್ಣಾರೆ ನೋಡ್ಬೇಕು. ಇಷ್ಟು ವರ್ಷ ಮಕ್ಕಳಿಗೆ ಪುಸ್ತಕದಲ್ಲಿರೋದ ಓದಿ ಹೇಳಿದ್ದೇ ಆಯ್ತು, ಒಬ್ಬರನ್ನ ಒಂದ್ಸಲ ನಿಜವಾಗಿ ನೋಡ್ಬೇಕು ಅನ್ನೋರು. ಒಬ್ಬರನ್ನ ಅಂದ್ರೆ ಒಳಗಿರೋರ್ನ. ಮನೆಗೆ ಬರೋ ನೆಂಟರ ಬಗ್ಗೆ ಹೇಳೋ ಹಂಗೇ ಹೇಳೋರು.

ಅಪ್ಪಂಗೆ ಅರ್ಥ ಮಾಡ್ಸೋದು ಕಷ್ಟ ಆಯ್ತು. ಅಪ್ಪ ಕಡ್ಡಿ ಕೊಯ್ದು ಮಡಗಿದ್ದ, ಮಳೆ ಬಿದ್ರೆ ನೆಡಕ್ಕೆ. ‘ಮೇಷ್ಟ್ರೇ, ನಿಮ್ ಸತ್ತೋರು ಅಲ್ಲಿ ಸುಮ್ಕೆ ಮಲಗವ್ರೆ. ನನ್ ಹುಳ ಸೊಪ್ಪಿಲ್ದೆ ಬಾಯಿ ಬಾಯಿ ಬುಡ್ತಾವೆ. ನೀವೇ ನ್ಯಾಯ ಹೇಳಿ’ ಅಂದ. ಮೇಷ್ಟ್ರು ನ್ಯಾಯ ಹೇಳ್ನಿಲ್ಲ, ಕೈ ಮುಗಿದ್ರು. ಮೇಷ್ಟ್ರು ಕೈ ಮುಗಿದಿದ್ದ ನೋಡಿ ಅಪ್ಪ ಗಾಬರಿ ಆಗೋದ. ಆಯ್ತು, ಈ ಒಂದು ವರ್ಷ ಮುಟ್ಟಲ್ಲ, ಬರೋ ಮುಂಗಾರಿಗೆ ಮಾತ್ರ ಬುಡಲ್ಲ, ಅಂದ.

ಮೇಷ್ಟ್ರು ಮೈಸೂರಿಗೆ ಕಾಗದ ಬರ್ದಿದ್ದೇ ಬರ್ದಿದ್ದು. ಹಳೇದ ಅಗೆದು ನೋಡೋರು ಯಾರೋ ಅಲ್ಲಿದ್ರಂತೆ. ಪ್ರತಿ ಭಾನುವಾರ ಒಂಬತ್ತು ಗಂಟೆ ಬಸ್ಸಿಗೆ ಬರೋರು. ಟೈಲರ್ ಟೇಪಲ್ಲಿ ಕಲ್ಲು ಅಳೆಯೋರು, ನಾನು ತುದಿ ಹಿಡ್ಕೊಳ್ಳೋನು. ಮೋರ್ಯರ ಕಲ್ಲು ಯಾರು ಎಣಿಸಿದ್ರೂ ಲೆಕ್ಕ ಸರಿಬರಲ್ಲ ಅಂತ ನಮ್ಮೂರಲ್ಲಿ ನಂಬಿಕೆ. ಮೇಷ್ಟ್ರು ಎಣಿಸಿ ಇಪ್ಪತ್ಮೂರು ಅಂದ್ರು. ನಾನು ಎಣಿಸ್ದೆ, ಇಪ್ಪತ್ನಾಕು. ಇನ್ನೊಂದ್ಸಲ ಎಣಿಸ್ದೆ, ಇಪ್ಪತ್ನಾಕೇ. ಮೇಷ್ಟ್ರಿಗೆ ಮೈ ಜುಂ ಅಂದ್ಬುಡ್ತು. ಮೂರನೇ ಸಲ ಎಣಿಸೋವಾಗ ಇಪ್ಪತ್ನಾಕನೇ ಕಲ್ಲು ಎದ್ದು ‘ಮ್ಯಾ’ ಅಂತ ಹೊಂಟೋಯ್ತು. ಪಕ್ಕದ ಹೊಲದೋರ ಕುರಿ. ಎಷ್ಟು ನಕ್ಕಿದ್ವಿ ಆವತ್ತು…

ಮಧ್ಯಾಹ್ನ ಅವ್ವ ಮುದ್ದೆ ಉಪ್ಸಾರು ಬಡಿಸೋಳು. ಉಂಡ್ಮೇಲೆ ಹುಳದ ಮನೆ ಬಾಗಿಲಲ್ಲಿ ಕೂರೋರು. ಒಳಗೆ ಬುಡ್ತಿರ್ನಿಲ್ಲ ನಾವು, ಹೊರಗಿನೋರ ಕಣ್ಣು ಬಿದ್ರೆ ಹುಳ ಕೆಡ್ತವೆ ಅಂತ. ಬಾಗಿಲಿಂದ್ಲೇ ನೋಡೋರು. ಒಂದಿನ ಹುಳ ಎಲ್ಲಾ ತಲೆ ಎತ್ಕೊಂಡು, ತಿನ್ದಂಗೆ, ಅಲ್ಲಾಡ್ದಂಗೆ ಕೂತಿದ್ವು. ಅಯ್ಯೋ ಇದಕ್ಕೇನಾಯ್ತೋ ಅಂತ ಕೇಳಿದ್ರು. ಜ್ವರಕ್ಕೆ ಕೂತವೆ ಸಾ, ಅಂದೆ.

ರೇಷ್ಮೆ ಗೊತ್ತಿಲ್ದೋರಿಗೆ ಒಸಿ ಹೇಳ್ಬೇಕು. ಹುಳ ಗೂಡು ಕಟ್ಟೋಕ್ಮುಂಚೆ ನಾಲ್ಕು ಸಲ ಚರ್ಮ ಕಳಚ್ತದೆ. ಕಳಚೋಕ್ಮುಂಚೆ ಒಂದು ದಿನ, ಒಂದೂವರೆ ದಿನ ಹಿಂಗೆ ಮರಗಟ್ಟಿ ಕೂರ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಅಂತೀವಿ. ಒಂದನೇ ಜ್ವರ, ಎರಡನೇ ಜ್ವರ, ಹಂಗೆ. ಆವಾಗ ಸೊಪ್ಪು ಹಾಕಂಗಿಲ್ಲ, ಮುಟ್ಟಂಗಿಲ್ಲ. ತಾನಾಗೇ ಏಳ್ತದೆ, ಎದ್ಮೇಲೆ ರಾಕ್ಷಸನ ಹಂಗೆ ತಿಂತದೆ. ಜ್ವರ ಬಂತು ಅಂದ್ರೆ ನಮಗೆ ಸಂತೋಷ, ಬೆಳೆ ಸರಿಯಾಗಿ ನಡೀತಾ ಐತೆ ಅಂತ. ಬೀದೀಲಿ ಯಾರಾದ್ರೂ ಸಿಕ್ಕಿದ್ರೆ ‘ಊಟ ಆಯ್ತಾ’ ಅನ್ನಲ್ಲ, ‘ಎಷ್ಟನೇ ಜ್ವರ?’ ಅಂತೀವಿ.

ಮೇಷ್ಟ್ರಿಗೆ ಆ ಮಾತು ಬಾಳ ಇಷ್ಟ ಆಗೋಯ್ತು. ಜ್ವರ ಅಂದ್ರೆ ಸಾಯೋದಲ್ಲ, ಎದ್ದೇಳೋದು! ಅಂತ ಬುಕ್ಕಲ್ಲಿ ಬರ್ಕೊಂಡ್ರು. ಈಜಿಪ್ಟಿನೋರೂ ಹೆಣಕ್ಕೆ ಬಟ್ಟೆ ಸುತ್ತಿ ಸುತ್ತಿ ಗೂಡಿನ ಥರನೇ ಮಾಡಿ ಕಲ್ಲಿನ ಮನೇಲಿ ಮಡಗೋರು, ಒಂದಲ್ಲಾ ಒಂದಿನ ಏಳ್ತಾರೆ ಅಂತ ಕಾಯೋರು ಅಂದ್ರು. ‘ನಾವು ಕಾಯಲ್ಲ ಸಾ, ಬಿಸಿನೀರಿಗೆ ಹಾಕಿ ನೂಲು ತೆಗೆದ್ಬುಡ್ತೀವಿ’ ಅಂದೆ. ಮೇಷ್ಟ್ರು ಬುಕ್ಕು ಮುಚ್ಚಿದ್ರು. ನಂಗೊಂದು ಐವತ್ತು ಹುಳ ಕೊಡೋ, ಗೂಡು ಒಡ್ಕೊಂಡು ಚಿಟ್ಟೆ ಆಚೆ ಬರೋದ ನೋಡ್ಬೇಕು ಅಂದ್ರು.

ಮೂರನೇ ಜ್ವರದಿಂದ ಎದ್ದಿದ್ದ ಹುಳನ ಒಂದು ಮೊರದಲ್ಲಿ ಹಾಕಿ, ಒಂದು ಚೀಲ ಸೊಪ್ಪು ಕೊಟ್ಟು, ಮುಂದಿನ ಭಾನುವಾರ ಬಸ್ ಹತ್ತಿಸ್ದೆ. ಮೊರ ತೊಡೆ ಮೇಲೆ ಮಡಿಕ್ಕೊಂಡು ಕೂತ್ರು. ಕಂಡಕ್ಟ್ರು, ‘ಸಾ, ಇವಕ್ಕೆಲ್ಲ ಅರ್ಧ ಟಿಕೆಟ್ ಹರೀಲಾ?’ ಅಂದ. ಬಸ್ಸಿನ ಕಿಟಕೀಲಿ ಮೇಷ್ಟ್ರು ಕೈಯಾಡಿಸ್ತಾ, ಕಿಸೆಯಿಂದ ಒಂದು ಕಾಗದ ತೆಗ್ದು ತೋರ್ಸಿದ್ರು. ಬಸ್ ಹೊಂಟೋವಾಗ ಹೇಳ್ಬೇಕು ಅಂತ್ಲೇ ಮಡಿಕ್ಕೊಂಡಿದ್ರು ಅಂತ ಕಾಣ್ತದೆ. ‘ಬರ್ತಾರಂತೆ ಕಣೋ! ಮೈಸೂರಿನೋರು! ಮುಂದಿನ ತಿಂಗಳು!’ ಅಂತ ಕೂಗಿದ್ರು. ಹಲ್ಲೆಲ್ಲ ಕಾಣ್ತಿತ್ತು.

ನಾನು ಅವ್ರ ನೋಡಿದ್ದು ಅದೇ ಕೊನೆ.

ಗುರುವಾರ ಬೆಳಿಗ್ಗೆ ಬಸ್ಸು ಗೇಟಲ್ಲಿ ನಿಂತಾಗ ಕಂಡಕ್ಟ್ರು ನನ್ನ ಕೂಗ್ದ. ‘ಲೇ, ಮೇಷ್ಟ್ರ ಮನೇಲಿ ಜ್ವರವಂತೆ ಕಣ್ಲಾ. ಓನರಮ್ಮ ಹೇಳಿದ್ರು. ಬರಬೇಕಂತೆ ನೀನು.’ ಓನರಮ್ಮ ಅಂದ್ರೆ ಮೇಷ್ಟ್ರು ಬಾಡಿಗೆಗಿದ್ದ ರೂಮಿನ ಮನೆಯೋರು. ಮುಂದುಗಡೆ ದಿನಸಿ ಅಂಗಡಿ ಮಡಿಕ್ಕೊಂಡಿದ್ರು, ಹಣೆ ತುಂಬ ವಿಭೂತಿ ಹಚ್ಚೋರು.

ನಾನು ಬೆರಳು ಮಡಿಚಿ ಲೆಕ್ಕ ಹಾಕ್ದೆ. ಭಾನುವಾರ ಕೊಟ್ಟ ಹುಳ. ಸೋಮ, ಮಂಗಳ, ಬುಧ, ಗುರುವಾರಕ್ಕೆ ನಾಲ್ಕನೇ ಜ್ವರ. ಗಡಿಯಾರದ ಹಂಗೆ ಸರಿಯಾಗಿ ಕೂತ್ಕೊಳ್ತು ಲೆಕ್ಕ. ನಮ್ಮನೆ ಹುಳನೂ ಆವತ್ತೇ ಜ್ವರಕ್ಕೆ ಕೂತಿದ್ವು. ಜೀವಮಾನದಲ್ಲಿ ನಾನು ಹಾಕಿದ ಲೆಕ್ಕ ಸರಿಬಂದಿದ್ದು ಅದೊಂದೇ ಸಲ.

‘ಗಾಬರಿ ಬೀಳ್ಬ್ಯಾಡಿ ಅಂತೇಳು. ಜ್ವರ ಬಂದ್ರೆ ಒಳ್ಳೇದೇ. ಮುಟ್ಟಬ್ಯಾಡಿ, ತಿನ್ನಕ್ಕೇನೂ ಹಾಕಬ್ಯಾಡಿ, ಗಾಳಿ ಆಡಂಗೆ ಬಾಗ್ಲು ತೆಗೆದಿರಿ. ಒಂದೂವರೆ ದಿನಕ್ಕೆ ತಾನಾಗೇ ಎದ್ದು ಕೂರ್ತವೆ ಅಂತೇಳು’ ಅಂದೆ. ಕಂಡಕ್ಟ್ರಿಗೂ ಇದ್ರಲ್ಲಿ ಏನೂ ವಿಚಿತ್ರ ಕಾಣ್ನಿಲ್ಲ. ಅವನ ಮಾವನ ಮನೇಲೂ ಹುಳ ಇದ್ವು.

ಶುಕ್ರವಾರ ಅದೇ ಬಸ್ಸಲ್ಲಿ ಇನ್ನೊಂದು ಮಾತು ಬಂತು. ಇನ್ನೂ ಎದ್ದಿಲ್ವಂತೆ, ಬೇಗ ಬರಬೇಕಂತೆ. ನಂಗೆ ನಗು ಬಂತು. ಮೇಷ್ಟ್ರು ಮೊದಲ ಸಲ ಹುಳ ಸಾಕ್ತಾವ್ರೆ, ಮೊದಲ ಹೆರಿಗೆ ಹೆಂಗಸಿನ ಗಂಡನ ಹಂಗೆ ಒದ್ದಾಡ್ತಾವ್ರೆ ಅಂದ್ಕೊಂಡೆ. ‘ಮೇಲೆ ಒಸಿ ಸುಣ್ಣದ ಪುಡಿ ಎರಚ್ಬುಡಿ, ಸರಿಹೋಗ್ತದೆ ಅಂತೇಳು’ ಅಂತ ಕಳಿಸ್ದೆ. ಜ್ವರದಲ್ಲಿರೋ ಹುಳಕ್ಕೆ ನಾವು ಹಂಗೇ ಮಾಡೋದು.

ಹುಳ ಜ್ವರಕ್ಕೆ ಕೂತ್ರೆ ರೈತನಿಗೆ ರಜಾ. ಸೊಪ್ಪು ಕೊಯ್ಯಂಗಿಲ್ಲ, ಹಾಕಂಗಿಲ್ಲ. ಹೋಗಬೋದಿತ್ತು ನಾನು. ಅರ್ಧ ಗಂಟೆ ದಾರಿ. ಏನ್ ಮಾಡ್ದೆ ಹೇಳ್ತೀನಿ ಕೇಳಿ. ಮಾಗಡಿಗೆ ಹೋಗಿ ಮ್ಯಾಟ್ನಿ ಶೋ ಸಿನಿಮಾ ನೋಡ್ದೆ. ಕಡ್ಲೆಕಾಯಿ ತಿಂದೆ.

ಭಾನುವಾರ ಒಂಬತ್ತರ ಬಸ್ಸಲ್ಲಿ ಮೇಷ್ಟ್ರು ಬರ್ನಿಲ್ಲ. ಹುಳ ಎದ್ದಿರ್ತವೆ, ಹಸ್ಕೊಂಡಿರ್ತವೆ, ಅದ ಬುಟ್ಟು ಬರಕ್ಕಾಗಿಲ್ಲ ಅಂದ್ಕೊಂಡು ನಾನೇ ಒಂದು ಮೂಟೆ ಸೊಪ್ಪು ಕೊಯ್ದು ತಲೆ ಮೇಲೆ ಹೊತ್ಕೊಂಡು ಕುದೂರಿಗೆ ಹೋದೆ. ದಾರಿಯುದ್ದ ಏನ್ ತಮಾಸೆ ಮಾಡ್ಬೇಕು ಅಂತ ಯೋಚ್ನೆ ಮಾಡ್ಕೊಂಡೇ ಹೋದೆ. ರೂಮಿನ ಬಾಗ್ಲು ತೆಗೆದಿತ್ತು. ನಾನು ಬೀದಿಯಿಂದ್ಲೇ ಕೂಗ್ದೆ, ‘ಏನ್ ಸಾ, ಜ್ವರ ಎದ್ವಾ? ಈಗ ನೋಡಿ ಹೆಂಗ್ ತಿಂತವೆ, ನಿಮ್ಮುನ್ನೂ ತಿಂದ್ಬುಟ್ಟಾವು ಹುಸಾರು!’

ಓನರಮ್ಮ ಕೈಲಿ ಪೊರಕೆ ಹಿಡ್ಕೊಂಡು ಆಚೆ ಬಂದ್ರು. ನನ್ನೂ ನೋಡಿದ್ರು, ಮೂಟೆನೂ ನೋಡಿದ್ರು.

‘ಯಾವ ಹುಳನಪ್ಪಾ? ಜ್ವರ ಬಂದಿದ್ದು ಮೇಷ್ಟ್ರಿಗಲ್ವಾ?’

ಶನಿವಾರ ಬೆಳಿಗ್ಗೆ ಪ್ರಜ್ಞೆ ತಪ್ಪಿದ್ಮೇಲೆ ಪಕ್ಕದ ಮನೆಯೋರು ಕಾರು ಮಾಡ್ಕೊಂಡು ಮಾಗಡಿ ಆಸ್ಪತ್ರೆಗೆ ಕರ್ಕೊಂಡೋಗಿದ್ರಂತೆ. ಎಲ್ಡ್ ದಿನ ಮುಂಚೆ ತಂದಿದ್ರೆ ಏನಾದ್ರೂ ಮಾಡಬೋದಿತ್ತು ಅಂದ್ರಂತೆ ಡಾಕ್ಟ್ರು. ಬೆಂಗಳೂರಿಗೆ ಬರ್ಕೊಟ್ರಂತೆ. ದಾರೀಲೇ ಹೋಗ್ಬುಟ್ರಂತೆ. ಮೇಷ್ಟ್ರ ತಮ್ಮ ಬಂದು ಅಲ್ಲಿಂದ್ಲೇ ದುರ್ಗದ ಕಡೆಗೆ ಹೆಣ ತಗೊಂಡೋದನಂತೆ. ನಾನು ಬೀದೀಲಿ ನಿಂತು ತಮಾಸೆ ಕೂಗ್ತಿದ್ದಾಗ ಮೇಷ್ಟ್ರು ಸತ್ತು ಒಂದು ದಿನ ಆಗಿತ್ತು.

ಓನರಮ್ಮ ಇನ್ನೂ ಏನೋ ಹೇಳ್ತಿದ್ರು. ನಂಗೆ ಕೇಳಿಸ್ನಿಲ್ಲ. ರೂಮೊಳಕ್ಕೆ ಹೋದೆ. ಮೂಲೇಲಿ ಮೊರ ಇತ್ತು. ಹುಳ ಎಲ್ಲಾ ಜ್ವರದಿಂದ ಎದ್ದು, ತಿನ್ನಕ್ಕಿಲ್ದೆ, ತಲೆ ಎತ್ತಿ ಆ ಕಡೆ ಈ ಕಡೆ ಆಡಿಸ್ತಿದ್ವು. ಕೆಲವು ಮೊರದಿಂದ ಇಳ್ದು ಗೋಡೆ ಹತ್ತಿದ್ವು. ನಾನು ಕೂತ್ಕೊಂಡು ಅವನ್ನೆಲ್ಲ ಒಂದೊಂದೇ ಆರಿಸಿ ಮೊರಕ್ಕೆ ಹಾಕ್ದೆ. ಸೊಪ್ಪು ಹಾಕ್ದೆ. ಸೊಪ್ಪು ತಿನ್ನೋವಾಗ ಹುಳ ಮಳೆ ಬಂದಂಗೆ ಸದ್ದು ಮಾಡ್ತವೆ. ಆ ಸದ್ದು ಕೇಳ್ಕೊಂಡು ಮಧ್ಯಾಹ್ನದ ಗಂಟ ಕೂತಿದ್ದೆ. ಏನ್ ಮಾಡ್ಬೇಕು ಅಂತ ಗೊತ್ತಾಗ್ನಿಲ್ಲ… ಸೊಪ್ಪು ಹಾಕೋದೊಂದೇ ಗೊತ್ತಿದ್ದದ್ದು.

ಆ ಮೊರನ ಮನೆಗೆ ತಂದೆ. ಅವು ಗೂಡು ಕಟ್ಟಿದ್ವು. ಮಾರುಕಟ್ಟೆ ಚೀಲಕ್ಕೆ ಹಾಕ್ನಿಲ್ಲ. ಕಾಯ್ದೆ. ಮೇಷ್ಟ್ರು ನೋಡ್ಬೇಕು ಅಂದಿದ್ದ ಚಿಟ್ಟೆಗಳು ಗೂಡು ಒಡ್ಕೊಂಡು ಆಚೆ ಬಂದ್ವು. ಬೆಳ್ಳಗೆ, ಮೈತುಂಬ ಹಿಟ್ಟು ಮೆತ್ಕೊಂಡಂಗೆ. ನಾನು ಕಿಟಕಿ ತೆಗೆದೆ. ಒಂದೂ ಹಾರ್ನಿಲ್ಲ. ರೇಷ್ಮೆ ಚಿಟ್ಟೆಗೆ ಹಾರಕ್ಕೇ ಬರಲ್ವಂತೆ. ಹುಳದಲ್ಲೇ ಬೆಳೆದೋನು ನಾನು, ಅದು ಗೊತ್ತೇ ಇರ್ನಿಲ್ಲ. ಯಾವತ್ತು ಅಷ್ಟು ದಿನ ಕಾಯ್ದಿದ್ವಿ ನಾವು? ರೆಕ್ಕೆ ಪಟಪಟ ಬಡೀತಾ ಮೊರದಲ್ಲೇ ಸುತ್ತಾಡಿ, ಮೊಟ್ಟೆ ಇಟ್ಟು, ನಾಲ್ಕೈದು ದಿನಕ್ಕೆ ಸತ್ವು.

ಮುಂದಿನ ತಿಂಗಳು ಮೈಸೂರಿನೋರು ಬಂದ್ರು. ಇಬ್ರು, ಒಬ್ಬ ಗಂಡಸು, ಒಬ್ಬ ಹೆಂಗಸು. ಕುದೂರಲ್ಲಿ ವಿಷಯ ತಿಳ್ಕೊಂಡು, ಹಂಗೇ ವಾಪಸ್ ಹೋಗ್ದೆ ನಮ್ಮ ಹೊಲಕ್ಕೆ ಬಂದ್ರು. ಅಪ್ಪನೇ ಅವ್ರಿಗೆ ಚಪ್ಪರ ಹಾಕ್ಕೊಟ್ಟ. ಆರು ದಿನ ಅಗೆದ್ರು. ಅಗೆದ್ರು ಅಂದ್ರೆ ಬ್ರಷ್ಷಲ್ಲಿ ಗುಡಿಸಿದ್ರು. ಮೇಷ್ಟ್ರು ಕೂರಬೇಕಿದ್ದ ಜಾಗದಲ್ಲಿ ನಾನು ಕೂತಿದ್ದೆ. ಆರೂ ದಿನ ಒಂದೂ ತಮಾಸೆ ಮಾಡ್ನಿಲ್ಲ. ಅವ್ವ ನಂಗೆ ದೆವ್ವ ಹಿಡಿದದೆ ಅಂತ ನಿಂಬೆಹಣ್ಣು ಮಂತ್ರಿಸ್ಕೊಂಡು ಬಂದ್ಲು.

ಚಪ್ಪಡಿ ಕಲ್ಲು ಎತ್ತಿದ್ರು. ಒಳಗೆ ಗಡಿಗೆಗಳಿದ್ವು, ಒಳಗೆ ಕಪ್ಪು ಹೊರಗೆ ಕೆಂಪು. ಒಂದು ತುಕ್ಕು ಹಿಡ್ದಿದ್ದ ಕುಡುಗೋಲು ಇತ್ತು. ಮನುಷ್ಯನ ಮೂಳೆ ಒಂದೂ ಇರ್ನಿಲ್ಲ. ನಾನು ಆ ಮೇಡಮ್ಮುನ್ನ ಕೇಳ್ದೆ, ಮಲಗಿದ್ದೋನು ಎಲ್ಲೋದ? ಅಂತ. ಮೂಳೆ ಮಣ್ಣಲ್ಲಿ ಕರಗಿದ್ರೂ ಕರಗಿರಬೋದು ಅಂದ್ರು. ಇನ್ನೊಂದೂ ಇರಬೋದು ಅಂದ್ರು. ಯಾರೋ ದೂರ ಎಲ್ಲೋ ಸತ್ತಿರ್ತಾರೆ, ಹೆಣ ಊರಿಗೆ ಬಂದಿರಲ್ಲ. ಆದ್ರೂ ಊರಿನೋರು ಕಲ್ಲು ಎಳ್ದು, ಗಡಿಗೆ ಮಡಗಿ, ಸಮಾಧಿ ಮಾಡ್ತಿದ್ರಂತೆ. ಹಿಂಗೆ ಖಾಲಿ ಸಮಾಧಿಗಳು ಬೇರೆ ಕಡೆನೂ ಸಿಕ್ಕವೆ ಅಂದ್ರು.

ಒಳಗಿರೋರ್ನ ಒಂದ್ಸಲ ನೋಡ್ಬೇಕು ಅಂತಿದ್ರಲ್ಲ ಮೇಷ್ಟ್ರು… ಯಾರೂ ಇರ್ನಿಲ್ಲ. ಇದ ಕೇಳಿದ್ರೆ ಅವ್ರು ಏನಂತಿದ್ರೋ. ಬೇಜಾರು ಮಾಡ್ಕೋತಿದ್ರೋ, ಇಲ್ಲಾ ಬುಕ್ಕು ತೆಗ್ದು ಬರ್ಕೋತಿದ್ರೋ. ಗಡಿಗೆ ಕಟ್ಟೋವಾಗ ಒಂದು ಚೂರು ಉದುರ್ತು, ನಾನು ಕಿಸೆಗೆ ಹಾಕ್ಕೊಂಡೆ. ಕದ್ದೆ ಅಂತ್ಲೇ ಹೇಳಿ. ಮುಂಗಾರು ಬಂತು. ಅಪ್ಪ ಅಲ್ಲೂ ಕಡ್ಡಿ ನೆಟ್ಟ. ಈಗ ಅಲ್ಲಿ ಸೊಪ್ಪು ಆಳೆತ್ತರ ಬರ್ತದೆ. ಆ ಸಾಲಲ್ಲಿ ಸೊಪ್ಪು ಕೊಯ್ಯೋದ ನಾನು ಇನ್ನೊಬ್ಬರಿಗೆ ಬುಟ್ಟಿವ್ನಿ.

ಕುದೂರಿಗೆ ಏಳು ವರ್ಷ ಕಾಲಿಕ್ನಿಲ್ಲ ನಾನು. ಸುತ್ಕೊಂಡು ಮಾಗಡಿ ಮೇಲೇ ಓಡಾಡ್ತಿದ್ದೆ. ಮೊನ್ನೆ ಹಿಮ್ಮಡಿ ಉಜ್ಕೊಂಡ ಮಾರನೇ ದಿನ ಏನನ್ನಿಸ್ತೋ, ಬಸ್ ಹತ್ಬುಟ್ಟೆ. ಓನರಮ್ಮಂಗೆ ವಯಸ್ಸಾಗೈತೆ, ಅಂಗಡೀಲಿ ಸೊಸೆ ಕೂತಿದ್ಲು. ನನ್ನ ಗುರುತು ಹಿಡಿದ್ರು. ಮೇಷ್ಟ್ರ ರೂಮಲ್ಲಿ ಈಗ ಸಕ್ಕರೆ ಮೂಟೆ ಜೋಡಿಸವ್ರೆ. ಟೀ ಕೊಟ್ರು. ನಾನು ತಪ್ಪಾಯ್ತು ಅಂತ ಹೇಳಕ್ಕೆ ಬಾಯಿ ತೆಗೆದೆ, ಹುಳದ ಜ್ವರ ಅಂದ್ಕೊಂಡ್ಬುಟ್ಟೆ ಕಣಮ್ಮ ಅಂದೆ. ಅವ್ರು ನನ್ನ ಕಡೆ ತಿರುಗಿದ್ರು. ನಿಜವಾಗ್ಲೂ ಹಂಗಂದ್ಕೊಂಡಿದ್ಯಾ? ಅಂತ ಕೇಳಿದ್ರು. ಹೂಂ ಅಂದೆ. ಆಮೇಲೆ ಲೋಟ ಕೆಳಗೆ ಮಡಗಿ, ಮೆಲ್ಲಗೆ ಹೇಳಿದ್ರು.

‘ನಾವ್ಯಾರೂ ಹಂಗೆ ತಿಳೀನಿಲ್ಲ ಕಣಪ್ಪ. ನೀನು ಹೇಳಿಕಳ್ಸಿದ್ದನ್ನ ಕಂಡಕ್ಟ್ರು ಬಸ್ಸಿಂದ್ಲೇ ಕೂಗಿದ್ದ, ನಾನು ಒಳಗೋಗಿ ಹೇಳ್ದಾಗ ಮೇಷ್ಟ್ರು ನಕ್ಕಿದ್ದೇ ನಕ್ಕಿದ್ದು. ಆ ಜ್ವರದಲ್ಲೂವೆ. ಮುಟ್ಟಬ್ಯಾಡಿ ಅಂದವ್ನೆ, ಸುಣ್ಣ ಎರಚಿ ಅಂದವ್ನೆ ಅಂತ ಹೇಳ್ಕೊಂಡು ಹೇಳ್ಕೊಂಡು ನಗೋರು. ಆಸ್ಪತ್ರೆಗೆ ನಡೀರಿ ಸ್ವಾಮಿ ಅಂತ ನಾನೂ ಬಡ್ಕೊಂಡೆ. ಇರಿ ಅಮ್ಮಾ, ಅವನು ತಮಾಷೆ ಮಾಡ್ತಿದ್ದಾನೆ, ಮುಂದಿನ ಬಸ್ಸಿಗೇ ಬಂದು ಇಳೀತಾನೆ ನೋಡಿ, ಅವನ ಜೊತೆ ಹೋಗ್ತೀನಿ ಅನ್ನೋರು. ಎಲ್ಡ್ ದಿನ ಆ ಬಾಗ್ಲು ಹಾಕಕ್ಕೇ ಬುಡ್ನಿಲ್ಲ.’